ಲೆಕ್ಕವನ್ನು ನಾಲ್ವರ ನಡುವೆ ಇಡು

ಗಣಿತ ಕಲಿಸಲು ಈ ವರ್ಷ ಶಾಲೆಗೆ ಸೇರಿದ್ದೀಯ. ತರಬೇತಿಯಲ್ಲಿ ಕೊಟ್ಟ ಕೈಪಿಡಿಯ ಪುಟಪುಟದಲ್ಲೂ ‘ಗುಂಪು ಚಟುವಟಿಕೆ’ ಎಂಬ ಮಾತು ಕಂಡಿರುತ್ತದೆ. ನೀನೂ ಹುರುಪಿನಿಂದ ಮಕ್ಕಳನ್ನು ನಾಲ್ಕು ನಾಲ್ಕಾಗಿ ಕೂರಿಸಿ, ಪಠ್ಯಪುಸ್ತಕದ ಅಭ್ಯಾಸದ ಲೆಕ್ಕಗಳನ್ನೇ ಕೊಟ್ಟು ನೋಡಿರಬಹುದು. ಚುರುಕಾದವಳು ಲೆಕ್ಕ ಮಾಡಿರುತ್ತಾಳೆ. ಪಕ್ಕದವಳು ನೋಡಿ ಬರೆದುಕೊಂಡಿರುತ್ತಾಳೆ. ಮೂರನೆಯವನು ರಬ್ಬರು ಉರುಳಿಸುತ್ತಾ ಕೂತಿರುತ್ತಾನೆ. ನಾಲ್ಕನೆಯವನು ಹಿಂದಿನ ಬೆಂಚಿನ ಜತೆ ಮಾತಿಗೆ ಬಿದ್ದಿರುತ್ತಾನೆ. ಇಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತು “ಏನಿದು ಗಲಾಟೆ?” ಅಂದಿರುತ್ತಾರೆ. ಮರುದಿನ ಬೆಂಚುಗಳು ಮತ್ತೆ ಸಾಲಿಗೆ ಬಂದಿರುತ್ತವೆ.

ಇಷ್ಟಕ್ಕೇ ‘ಗುಂಪು ಕೆಲಸ ನಮ್ಮ ಮಕ್ಕಳಿಗೆ ಒಗ್ಗುವುದಿಲ್ಲ’ ಎಂಬ ತೀರ್ಮಾನಕ್ಕೆ ಬರಬೇಡ. ಮಕ್ಕಳಲ್ಲಿ ಏನೂ ಕೊರತೆಯಿಲ್ಲ, ಕೊಟ್ಟ ಲೆಕ್ಕದಲ್ಲಿತ್ತು. ಒಬ್ಬನೇ ಎತ್ತಬಲ್ಲ ಮೂಟೆಗೆ ನಾಲ್ವರನ್ನು ಕರೆದರೆ ಮೂವರು ಸುಮ್ಮನೆ ನಿಲ್ಲಲೇಬೇಕಲ್ಲವೆ? ನಾಲ್ವರಿಗೂ ಕೆಲಸವಿರುವ ಲೆಕ್ಕವನ್ನು ಮೊದಲು ಹುಡುಕಿಕೋ. ಗುಂಪು ಮಾಡುವುದು ಆಮೇಲೆ. ಅದಾದ ಮೇಲೆ ಉತ್ತರ ಬಾಯಿಗೆ ಬಂದರೂ ಹೇಳದೆ ತಡೆದುಕೋ. ನಾನು ಹೇಳಬೇಕೆಂದಿರುವುದೆಲ್ಲ ಇದರಲ್ಲೇ ಇದೆ. ಉಳಿದದ್ದು ಹೇಗೆ ಮಾಡಬಹುದೆಂಬ ವಿವರ.

ನಾಲ್ಕು ಚೀಟಿ ಹರಿದುಕೋ. ಮೊದಲನೆಯದರಲ್ಲಿ ‘ಅದು ಎರಡಂಕಿಯ ಸಂಖ್ಯೆ, 3ರಿಂದ ಶೇಷವಿಲ್ಲದೆ ಭಾಗವಾಗುತ್ತದೆ’ ಎಂದು ಬರೆ. ಎರಡನೆಯದರಲ್ಲಿ ‘ಅದರ ಎರಡು ಅಂಕಿಗಳ ನಡುವಿನ ವ್ಯತ್ಯಾಸ 3’. ಮೂರನೆಯದರಲ್ಲಿ ‘ಅದು ಬೆಸ ಸಂಖ್ಯೆ’. ನಾಲ್ಕನೆಯದರಲ್ಲಿ ‘ಹತ್ತರ ಸ್ಥಾನದ ಅಂಕಿ ಬಿಡಿ ಸ್ಥಾನದ ಅಂಕಿಗಿಂತ ದೊಡ್ಡದು’. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಚೀಟಿಯನ್ನು ಓದಿ ಹೇಳಬಹುದು, ಎಷ್ಟು ಸಲ ಬೇಕಾದರೂ. ಇನ್ನೊಬ್ಬರ ಕೈಗೆ ಕೊಡುವಂತಿಲ್ಲ, ತೋರಿಸುವಂತಿಲ್ಲ. ಆ ಸಂಖ್ಯೆ ಯಾವುದು?

ಉತ್ತರ 63. ಆದರೆ ಇಲ್ಲಿ ಉತ್ತರಕ್ಕಿಂತ ನಡೆಯುವ ಮಾತುಕತೆಯನ್ನು ಗಮನಿಸು. ವರ್ಗದಲ್ಲಿ ಎಂದೂ ಬಾಯಿ ಬಿಡದ ಹುಡುಗನ ಕೈಯಲ್ಲಿ ‘ಬೆಸ ಸಂಖ್ಯೆ’ಯ ಚೀಟಿ ಇದೆ ಎಂದುಕೋ. ಉಳಿದ ಮೂವರು 30, 63, 96 ಎಂದು ಪಟ್ಟಿ ಮಾಡಿಕೊಂಡು ಮುಂದೆ ಹೋಗಲಾರದೆ ನಿಲ್ಲುತ್ತಾರೆ. “ನಿಂದೇನಿದೆ, ಇನ್ನೊಂದ್ಸಲ ಓದು” ಎಂದು ಅವನನ್ನು ಕೇಳಲೇಬೇಕು. ಅವನಿಲ್ಲದೆ ಲೆಕ್ಕ ಮುಗಿಯುವುದಿಲ್ಲ. ‘ಎಲ್ಲರೂ ಭಾಗವಹಿಸಿ’ ಎಂದು ನೀನು ದಿನವಿಡೀ ಹೇಳಿದರೂ ಆಗದ್ದನ್ನು ಆ ತುಂಡು ಕಾಗದ ಮಾಡುತ್ತದೆ. ಓದಲು ತಡವರಿಸುವ ಮಗುವಿದ್ದರೆ ಚೀಟಿ ಹಂಚುವಾಗಲೇ ಒಮ್ಮೆ ಪಕ್ಕದಲ್ಲಿ ಕೂತು ಓದಿಸು. ಚಿಕ್ಕ ವಾಕ್ಯದ ಚೀಟಿಯನ್ನು ಅದಕ್ಕೇ ಕೊಟ್ಟರೂ ತಪ್ಪಿಲ್ಲ.

63 ಸಿಕ್ಕಿದ ಮೇಲೆ ಚಟುವಟಿಕೆ ಮುಗಿಯಿತೆಂದು ಚೀಟಿ ವಾಪಸು ತೆಗೆದುಕೊಳ್ಳಬೇಡ. ಈಗ ಹೇಳು: “ಒಂದು ಚೀಟಿ ಮುಚ್ಚಿಡಿ. ಉಳಿದ ಮೂರರಿಂದ ಎಷ್ಟು ಉತ್ತರ ಬರುತ್ತೆ?” ನಾಲ್ಕನೆಯದನ್ನು ಮುಚ್ಚಿದರೆ 63, 69 ಎಂದು ಎರಡು. ಮೊದಲನೆಯದನ್ನು ಮುಚ್ಚಿದರೆ 41, 63, 85. ಎರಡನೆಯದನ್ನು ಮುಚ್ಚಿದರೆ 21ರಿಂದ 93ರವರೆಗೆ ಏಳು ಸಂಖ್ಯೆಗಳು. ಯಾವುದನ್ನು ತೆಗೆದರೂ ಉತ್ತರ ಒಂದೇ ಆಗಿ ಉಳಿಯುವುದಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಒಂದು ಸಮಸ್ಯೆಯಲ್ಲಿ ಕೊಟ್ಟ ಮಾಹಿತಿ ಸಾಕೇ, ಹೆಚ್ಚಾಯಿತೇ, ಒಂದಕ್ಕೊಂದು ವಿರುದ್ಧವಾಗಿದೆಯೇ ಎಂದು ಕೇಳುವ ಬುದ್ಧಿ ಹುಟ್ಟುವುದು ಇಲ್ಲಿ. ಮುಂದಿನ ವಾರ ಅವರೇ ನಾಲ್ಕು ಚೀಟಿ ಬರೆದು ಪಕ್ಕದ ಗುಂಪಿಗೆ ಕೊಡಲಿ. ಮೊದಲ ಸಲ ಬರೆದ ಚೀಟಿಗಳಲ್ಲಿ ಎರಡು ಉತ್ತರ ಬರುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ. ಬರೆದವರು, ಬಿಡಿಸಿದವರು ಎದುರುಬದುರು ಕೂತು ಸರಿಪಡಿಸಲಿ. ಪ್ರಶ್ನೆ ಕಟ್ಟುವುದು ಉತ್ತರ ಹೇಳುವುದಕ್ಕಿಂತ ಎಷ್ಟು ಕಷ್ಟ ಎಂದು ಒಮ್ಮೆ ಅನುಭವಕ್ಕೆ ಬಂದ ಮಗು ಪರೀಕ್ಷೆಯ ಪ್ರಶ್ನೆಯನ್ನೂ ಬೇರೆಯದೇ ಕಣ್ಣಿನಿಂದ ಓದುತ್ತದೆ.

ಗುಂಪಿಗೆ ಕೊಡಬಹುದಾದ ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟವಾದದ್ದು. ಅದನ್ನು ನಮಗೆ ಕೊಟ್ಟವರು ಒಬ್ಬ ಶಾಲಾ ಮೇಷ್ಟ್ರು. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಪಾಠ ಮಾಡುತ್ತಿದ್ದ ಡಿ. ಆರ್. ಕಾಪ್ರೇಕರ್ 1949ರಲ್ಲಿ 6174 ಎಂಬ ಸಂಖ್ಯೆಯ ವಿಶೇಷ ಗುಣವನ್ನು ಲೋಕಕ್ಕೆ ತಿಳಿಸಿದರು. ದೊಡ್ಡ ವಿಶ್ವವಿದ್ಯಾಲಯದ ಹುದ್ದೆಯಿಲ್ಲ, ಯಂತ್ರಗಳಿಲ್ಲ. ಸಂಖ್ಯೆಗಳ ಮೇಲಿನ ಪ್ರೀತಿ ಮತ್ತು ಕೂಡು-ಕಳೆ ಇಷ್ಟೇ ಅವರ ಬಂಡವಾಳ. ಐದು, ಆರನೇ ತರಗತಿಗೆ ಮೂರಂಕಿಯಿಂದ ಆರಂಭಿಸು. ಯಾವುದಾದರೂ ಮೂರಂಕಿಯ ಸಂಖ್ಯೆ ತೆಗೆದುಕೋ, 352 ಎಂದಿರಲಿ. ಅದರ ಅಂಕಿಗಳಿಂದ ಅತಿ ದೊಡ್ಡ ಸಂಖ್ಯೆ 532, ಅತಿ ಚಿಕ್ಕದು 235. ಕಳೆದರೆ 297. ಮತ್ತೆ ಹಾಗೇ: 972ರಲ್ಲಿ 279 ಕಳೆದರೆ 693. ಮತ್ತೆ 963ರಲ್ಲಿ 369 ಕಳೆದರೆ 594. ಮತ್ತೆ 954ರಲ್ಲಿ 459 ಕಳೆದರೆ 495. ಇನ್ನೊಮ್ಮೆ ಮಾಡಿದರೂ 495. ಅಲ್ಲಿಂದ ಮುಂದಕ್ಕೆ ಹೋಗುವುದೇ ಇಲ್ಲ.

ಒಬ್ಬ ಹುಡುಗ ಒಬ್ಬನೇ ಮಾಡಿದರೆ ಇದೊಂದು ಚಮತ್ಕಾರ ಅಷ್ಟೆ. ಇಡೀ ವರ್ಗ ಮಾಡಿದರೆ ಸಂಶೋಧನೆ. ಪ್ರತಿ ಗುಂಪೂ ತನಗಿಷ್ಟವಾದ ಐದು ಸಂಖ್ಯೆ ಆರಿಸಿಕೊಳ್ಳಲಿ, ದಾರಿಯಲ್ಲಿ ಸಿಕ್ಕಿದ ಸಂಖ್ಯೆಗಳನ್ನೆಲ್ಲ ಹಲಗೆಯ ಮೇಲೆ ಬರೆಯಲಿ. ಹಲಗೆ ತುಂಬುವ ಹೊತ್ತಿಗೆ ಯಾರಾದರೂ ಕೂಗುತ್ತಾರೆ: “ಸಾರ್, ನಮಗೆ 495 ಬರಲಿಲ್ಲ, ಸೊನ್ನೆ ಬಂತು!” ಅವರು 444 ತೆಗೆದುಕೊಂಡಿರುತ್ತಾರೆ. ಆಗ ನಿಯಮ ತಿದ್ದಬೇಕು. ಮೂರೂ ಅಂಕಿ ಒಂದೇ ಆಗಿರಬಾರದು ಎಂಬ ಷರತ್ತನ್ನು ಮಕ್ಕಳ ಬಾಯಿಂದಲೇ ಬರಿಸು. ಇನ್ನೊಂದು ಗುಂಪಿನಲ್ಲಿ ಅದಕ್ಕಿಂತ ಬಿಸಿಯಾದ ಜಗಳ ನಡೆಯುತ್ತಿರುತ್ತದೆ. ಅವರ ಸಂಖ್ಯೆ 211. ದೊಡ್ಡದು 211, ಚಿಕ್ಕದು 112, ಕಳೆದರೆ 99. ಇದನ್ನು 99 ಎಂದೇ ಇಟ್ಟುಕೊಂಡರೆ ಮುಂದಿನ ಹೆಜ್ಜೆಗೆ ಸೊನ್ನೆ. 099 ಎಂದು ಬರೆದುಕೊಂಡರೆ 990ರಲ್ಲಿ 099 ಕಳೆದು 891, ಅಲ್ಲಿಂದ 792, 693, 594, ಕೊನೆಗೆ 495. “ಮುಂದೆ ಸೊನ್ನೆ ಹಾಕೋದು ಮೋಸ” ಎಂದು ಒಬ್ಬಳು, “ಮೂರು ಅಂಕಿ ಅಂತ ಹೇಳಿದಾರೆ, ಮೂರು ಇರಲೇಬೇಕು” ಎಂದು ಇನ್ನೊಬ್ಬ. ಈ ಜಗಳವನ್ನು ನಿಲ್ಲಿಸಬೇಡ, ತೀರ್ಪನ್ನೂ ಕೊಡಬೇಡ. “ಎರಡೂ ರೀತಿ ಮಾಡಿ ನೋಡಿ. ಯಾವ ನಿಯಮ ಇಟ್ಟುಕೊಂಡರೆ ಎಲ್ಲ ಗುಂಪಿಗೂ ಹೊಂದುತ್ತೆ?” ಎಂದು ಕೇಳಿ ಮುಂದಕ್ಕೆ ನಡೆ. ಗಣಿತದಲ್ಲಿ ನಿಯಮ ಆಕಾಶದಿಂದ ಬೀಳುವುದಿಲ್ಲ, ಜನ ಕೂತು ಒಪ್ಪಿಕೊಳ್ಳುತ್ತಾರೆ ಎಂಬ ಅರಿವನ್ನು ಹನ್ನೊಂದು ವರ್ಷದ ಮಗುವಿಗೆ ಕೊಡಲು ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಗೊತ್ತಿಲ್ಲ.

ಹಲಗೆಯ ಮುಂದೆ ಎಲ್ಲರನ್ನೂ ನಿಲ್ಲಿಸಿ “ಏನು ಕಾಣ್ತಿದೆ?” ಎಂದಷ್ಟೇ ಕೇಳು. ಕಾಯಿ. ಕಳೆದು ಬಂದ ಎಲ್ಲ ಸಂಖ್ಯೆಗಳ ನಡುವೆಯೂ 9 ಇದೆ ಎಂದು ಯಾವುದೋ ಮಗು ಕಂಡುಹಿಡಿಯುತ್ತದೆ. ಆಮೇಲೆ ಅಕ್ಕಪಕ್ಕದ ಎರಡು ಅಂಕಿ ಕೂಡಿದರೂ 9 ಎಂದು ಇನ್ನೊಂದು. ಆಗ ತಾನಾಗಿಯೇ ಬರುವ ಪ್ರಶ್ನೆ: “ಯಾಕೆ?” ಅದು ನಿನ್ನ ಬಾಯಿಂದ ಬರಬಾರದು, ಅವರದಾಗಿರಬೇಕು. ಉತ್ತರ ಅವರು ಕಲಿತ ಕಳೆಯುವ ಲೆಕ್ಕದಲ್ಲೇ ಇದೆ. ಬಿಡಿ ಸ್ಥಾನದಲ್ಲಿ ಮೇಲಿನದು ಚಿಕ್ಕದು, ಆದ್ದರಿಂದ ನಡುವಿನಿಂದ ಒಂದು ಸಾಲ. ನಡುವೆ ಮೇಲೂ ಕೆಳಗೂ ಅದೇ ಅಂಕಿ. ಮೇಲಿನದು ಒಂದು ಕಡಿಮೆಯಾಯಿತು, ಈಗ ಅದೂ ನೂರರ ಸ್ಥಾನದಿಂದ ಸಾಲ ತರಬೇಕು. ಹತ್ತು ಬಂತು, ಒಂದು ಹೋಗಿತ್ತು, ಉಳಿದದ್ದು 9. ಯಾವ ಅಂಕಿಯಾದರೂ ಅಷ್ಟೆ. ಸಾಲ ತೆಗೆದುಕೊಳ್ಳುವ ಲೆಕ್ಕವನ್ನು ವರ್ಷಗಟ್ಟಲೆ ಯಾಂತ್ರಿಕವಾಗಿ ಮಾಡಿದ ಮಕ್ಕಳು ಅದನ್ನು ಒಂದು ಪುರಾವೆಯಾಗಿ ಬಳಸುವುದನ್ನು ನೋಡುವ ಭಾಗ್ಯ ನಿನ್ನದಾಗಲಿ. ಇದೇ ಲೆಕ್ಕವನ್ನು ನಾಲ್ಕಂಕಿಯ ಸಂಖ್ಯೆಗಳಿಂದ ಮಾಡಿ ನೋಡಲು ಮನೆಗೆ ಕೊಟ್ಟು ಕಳಿಸು. ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174ನ್ನು ತಲುಪುತ್ತದೆ, ಆದರೆ ಅದನ್ನು ನೀನು ಮೊದಲೇ ಹೇಳಬೇಡ.

ಈಗ ಪ್ರಶ್ನೆಗಳ ವಿಷಯ. ಕೆನಡಾದ ಗಣಿತ ಶಿಕ್ಷಣ ತಜ್ಞ ಪೀಟರ್ ಲಿಲ್ಯೆಡಾಲ್ ತರಗತಿಗಳಲ್ಲಿ ಕೂತು ಮಕ್ಕಳು ಕೇಳುವ ಪ್ರಶ್ನೆಗಳನ್ನು ಗಮನಿಸಿ ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಮೇಷ್ಟ್ರು ಹತ್ತಿರ ಬಂದರು ಎಂಬ ಕಾರಣಕ್ಕೇ ಕೇಳುವವು ಒಂದು ಬಗೆ. ‘ಇದು ಸರೀನಾ? ಪರೀಕ್ಷೆಗೆ ಬರುತ್ತಾ?’ ಎಂದು ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿಬಿಡಲು ಕೇಳುವವು ಎರಡನೆಯ ಬಗೆ. ಯೋಚನೆ ಮುಂದುವರಿಸಲು ಕೇಳುವವು ಮೂರನೆಯವು. ನಮ್ಮ ಶಾಲೆಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಎರಡನೆಯ ಬಗೆಯೇ. “ಸಾರ್, ಸರೀನಾ?” ಎಂದು ಸ್ಲೇಟು ಚಾಚಿದ ಮಗುವಿಗೆ ನೀನು ‘ಸರಿ’ ಎಂದರೆ ಆ ಗುಂಪಿನ ತಲೆ ಅಲ್ಲಿಗೆ ನಿಂತಿತು. ‘ತಪ್ಪು’ ಎಂದರೂ ನಿಂತಿತು. “ನಿಮ್ಮ ಗುಂಪಿನ ನಾಲ್ವರೂ ಒಪ್ಪಿದೀರಾ? ಒಪ್ಪದವರು ಯಾರು, ಅವರು ಏನಂತಾರೆ?” ಎಂದು ಪ್ರಶ್ನೆಯನ್ನು ಗುಂಪಿಗೇ ಮರಳಿಸು. ನಾಲ್ವರಿಗೂ ಒಂದೇ ಅನುಮಾನವಿದ್ದರೆ ಮಾತ್ರ ಮೇಷ್ಟ್ರನ್ನು ಕರೆಯಬೇಕು, ನೀನು ಹೋಗಿ ನಾಲ್ವರಲ್ಲಿ ಯಾರನ್ನು ಕೇಳಿದರೂ ಆ ಅನುಮಾನ ಏನೆಂದು ಹೇಳಬೇಕು ಎಂದು ಕಟ್ಟು ಮಾಡಿಕೋ. ಅರ್ಧದಷ್ಟು ಪ್ರಶ್ನೆಗಳು ನಿನ್ನ ತನಕ ಬರುವ ಮೊದಲೇ ಅವರೊಳಗೆ ಬಗೆಹರಿಯುತ್ತವೆ.

ಮಕ್ಕಳಿಗೆ ಪ್ರಶ್ನೆ ಕೇಳಿ ಎಂದರೆ ಸಾಲದು; ಕೇಳುವ ಮಾತುಗಳನ್ನೂ ಕೊಡಬೇಕು. “ನಿನಗೆ ಹೇಗೆ ಗೊತ್ತಾಯ್ತು?” “ಯಾವಾಗಲೂ ಹೀಗೇನಾ?” “ಹೀಗಾಗದ ಒಂದು ಸಂಖ್ಯೆ ಸಿಗುತ್ತಾ?” “ಅವಳು ಹೇಳಿದ್ದನ್ನ ನಿನ್ನ ಮಾತಲ್ಲಿ ಹೇಳು.” ಈ ನಾಲ್ಕನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚು. ಮೊದಮೊದಲು ಮಕ್ಕಳು ಕಂಠಪಾಠದಂತೆ ಒಪ್ಪಿಸುತ್ತಾರೆ, ಒಪ್ಪಿಸಲಿ. ಒಂದು ದಿನ “ಯಾವಾಗಲೂ ಹೀಗೇನಾ?” ಎಂದು ಒಬ್ಬ ಹುಡುಗಿ ನಿನ್ನನ್ನೇ ಕೇಳುತ್ತಾಳೆ. ಆಗ ಮುಖ ಗಂಟಿಕ್ಕಬೇಡ. ಮೇಷ್ಟ್ರ ಮಾತನ್ನು ಪ್ರಶ್ನಿಸಿದ್ದಕ್ಕೆ ವರ್ಗದೆದುರು ಒಬ್ಬರಿಗೆ ಒಮ್ಮೆ ಪೆಟ್ಟು ಬಿದ್ದರೆ, ಬೈಗುಳವಾದರೂ ಸರಿ, ಆ ವರ್ಷವಿಡೀ ಇನ್ನಾರೂ ಬಾಯಿ ತೆರೆಯುವುದಿಲ್ಲ.

ನೀನು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀ ಎಂಬುದನ್ನೂ ನೋಡಿಕೋ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನೇ ಅಳೆದು ಪ್ರಕಟಿಸಿದರು. ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೂ ಕಾಯದೆ ಮುಂದಿನ ಮಗುವಿಗೆ ಹಾರುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಮಕ್ಕಳೇ ಕೇಳುವ ಪ್ರಶ್ನೆಗಳು ಹೆಚ್ಚಾದವು, ಸುಮ್ಮನಿರುತ್ತಿದ್ದವರೂ ಮಾತಾಡತೊಡಗಿದರು. ಮೂರು ಸೆಕೆಂಡು ಅಂದರೆ ಏನೂ ಅಲ್ಲ ಎನಿಸುತ್ತದೆ. ನಲವತ್ತು ಜೊತೆ ಕಣ್ಣು ನಿನ್ನನ್ನೇ ನೋಡುತ್ತಿರುವಾಗ ಸುಮ್ಮನೆ ನಿಂತು ನೋಡು, ಎಷ್ಟು ದೀರ್ಘ ಎಂದು ತಿಳಿಯುತ್ತದೆ.

ಗುಂಪು ಮಾಡುವ ಬಗೆಯಲ್ಲಿ ನೀನು ಗಟ್ಟಿಯಾಗಿರಬೇಕಾದ ಒಂದು ವಿಷಯವಿದೆ. ಮಕ್ಕಳನ್ನು ಅವರಿಗೇ ಬಿಟ್ಟರೆ ಒಂದೇ ಕೇರಿಯವರು ಒಟ್ಟಿಗೆ ಕೂರುತ್ತಾರೆ, ಹುಡುಗಿಯರು ಒಂದು ಕಡೆ ಹುಡುಗರು ಒಂದು ಕಡೆ. ನೀನೇ ಆರಿಸಿ ‘ಜಾಣರು ಇಬ್ಬರು, ದಡ್ಡರು ಇಬ್ಬರು’ ಎಂದು ಬೆರೆಸಿದರೆ ಯಾರನ್ನು ಯಾವ ಪಾಲಿಗೆ ಸೇರಿಸಿದ್ದೀ ಎಂದು ಅವರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಎಲ್ಲರ ಕಣ್ಣೆದುರೇ ಚೀಟಿ ಎತ್ತಿಸು. ಒಂದೇ ಸಂಖ್ಯೆ ಬಂದವರು ಒಂದು ಗುಂಪು. ಪ್ರತಿ ಸಲವೂ ಹೊಸದಾಗಿ. ಮೊದಲ ವಾರ ಮುಖ ಸಿಂಡರಿಸುತ್ತಾರೆ, ಯಾರ ಪಕ್ಕ ಕೂರಬಾರದು ಎಂದು ಮನೆಯಲ್ಲಿ ಹೇಳಿಸಿಕೊಂಡು ಬಂದ ಮಕ್ಕಳೂ ಇರುತ್ತಾರೆ. ಚೀಟಿಯ ನಿಯಮ ಎಲ್ಲರಿಗೂ ಒಂದೇ ಎಂದು ಬಿಟ್ಟುಕೊಡದೆ ನಿಲ್ಲು. ಒಂದೇ ಹಲಗೆಯ ಮುಂದೆ ಒಂದೇ ಸೀಮೆಸುಣ್ಣ ಹಿಡಿದು ಒಟ್ಟಿಗೆ ಲೆಕ್ಕ ಬಿಡಿಸುವುದು ನಮ್ಮ ಊರುಗಳ ಮಕ್ಕಳಿಗೆ ಗಣಿತಕ್ಕಿಂತ ಹೆಚ್ಚಿನದನ್ನು ಕಲಿಸುತ್ತದೆ ಎಂದು ನಾನು ನಂಬಿದ್ದೇನೆ.

ಸೀಮೆಸುಣ್ಣ ಒಂದೇ ಇರಲಿ ಎಂದದ್ದು ಬೇಕೆಂದೇ. ಹಿಡಿದವರು ತಮ್ಮ ಯೋಚನೆ ಬರೆಯುವಂತಿಲ್ಲ, ಉಳಿದವರು ಹೇಳಿದ್ದನ್ನು ಮಾತ್ರ ಬರೆಯಬೇಕು. ಸ್ವಲ್ಪ ಹೊತ್ತಿಗೆ ಕೈ ಬದಲಾಗಬೇಕು. ಇಲ್ಲವಾದರೆ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಬರೆಯುವ ಕೆಲಸ ಸದಾ ಹುಡುಗಿಯ ಪಾಲಿಗೆ, ಮುಂದೆ ನಿಂತು ವಿವರಿಸುವ ಕೆಲಸ ಹುಡುಗನ ಪಾಲಿಗೆ ಹೋಗುತ್ತದೆ. ಕೊನೆಗೆ ಗುಂಪಿನ ಪರವಾಗಿ ಯಾರು ಹೇಳಬೇಕೆಂದು ಆ ಗಳಿಗೆಯಲ್ಲಿ ನೀನೇ ಆರಿಸು. ಯಾರನ್ನು ಕರೆಯುತ್ತಾರೋ ಗೊತ್ತಿಲ್ಲ ಎಂದಾಗ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡಲೇಬೇಕಾಗುತ್ತದೆ.

ಸ್ಟ್ಯಾನ್‌ಫರ್ಡ್‌ನ ಎಲಿಜಬೆತ್ ಕೋಹೆನ್ ತಮ್ಮ ಜೀವನದ ಬಹುಭಾಗವನ್ನು ಗುಂಪು ಕಲಿಕೆಯ ಅಧ್ಯಯನಕ್ಕೆ ಮೀಸಲಿಟ್ಟರು. ವರ್ಗದಲ್ಲಿ ‘ಜಾಣ’ ಎನಿಸಿಕೊಂಡವರ ಮಾತಿಗೆ, ಅದು ತಪ್ಪಾಗಿದ್ದರೂ, ಗುಂಪಿನಲ್ಲಿ ಬೆಲೆ ಹೆಚ್ಚು. ಉಳಿದವರ ಮಾತು ಸರಿಯಿದ್ದರೂ ಕಿವಿಗೆ ಬೀಳುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ಇದಕ್ಕೆ ಅವರು ಹೇಳಿದ ಒಂದು ಮದ್ದು ನಮಗೂ ಒದಗುತ್ತದೆ. ಸುಮ್ಮನಿರುವ ಮಗು ನಿಜವಾಗಿ ಏನಾದರೂ ಒಳ್ಳೆಯದನ್ನು ಮಾಡಿದಾಗ ಅದನ್ನು ಎಲ್ಲರೆದುರು, ಏನೆಂದು ಬಿಡಿಸಿ ಹೇಳು. ಬರೀ ‘ಶಹಭಾಸ್’ ಸಾಲದು. “ಇವನು 099 ಎಂದು ಬರೆದುಕೊಳ್ಳೋಣ ಎಂದದ್ದರಿಂದ ಈ ಗುಂಪಿನ ದಾರಿ ತೆರೆಯಿತು” ಎನ್ನು. ಸುಳ್ಳು ಹೊಗಳಿಕೆ ಮಾತ್ರ ಬೇಡ, ಮಕ್ಕಳು ಅದನ್ನು ಬೇಗ ಗುರುತಿಸುತ್ತಾರೆ.

ಇದೆಲ್ಲ ಹೊರಗಿನಿಂದ ತಂದದ್ದು ಎಂದು ಯಾರಾದರೂ ಅಂದರೆ ನಿನ್ನದೇ ಶಾಲೆಯ ಒಂದನೇ ಎರಡನೇ ತರಗತಿ ತೋರಿಸು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮಕ್ಕಳು ತಟ್ಟೆಗಳ ಸುತ್ತ ಗುಂಪಾಗಿ ಕೂರುತ್ತಾರೆ. ಶಿಕ್ಷಕರ ನೆರವಿನ ಗುಂಪು, ಗೆಳೆಯರ ನೆರವಿನ ಗುಂಪು, ತಾನೇ ಕಲಿಯುವ ಗುಂಪು ಎಂದು ಕಾರ್ಡು ಹಿಡಿದು ಸರಿದಾಡುತ್ತಾರೆ, ಗೋಡೆಯ ಕೆಳಗಿನ ಹಲಗೆಯ ಮೇಲೆ ಬರೆಯುತ್ತಾರೆ. ಪಕ್ಕದವರನ್ನು ಕೇಳಿ ಕಲಿಯುವುದು ನಮ್ಮ ಮಕ್ಕಳಿಗೆ ಬರುತ್ತಿತ್ತು. ನಾಲ್ಕನೇ ತರಗತಿಗೆ ಬಂದ ಮೇಲೆ ಸಾಲು ಬೆಂಚು ಹಾಕಿ, ‘ಪಕ್ಕದವರ ಜತೆ ಮಾತಾಡಬೇಡ’ ಎಂದು ಅದನ್ನು ಬಿಡಿಸಿದವರು ನಾವು. ಅದು ನನಗೆ ಇಂದಿಗೂ ನೋವು ಕೊಡುವ ಸಂಗತಿ. ಗುಂಪಾಗಿ ನಿಂತು ಗೋಡೆಯ ಮೇಲೆ ಬರೆದರೆ ಮಕ್ಕಳು ಹೆಚ್ಚು ಯೋಚಿಸುತ್ತಾರೆ ಎಂದು ಲಿಲ್ಯೆಡಾಲ್ ತಮ್ಮ 2020ರ ಪುಸ್ತಕದಲ್ಲಿ ಹೇಳುತ್ತಾರೆ. ನಿನ್ನ ಕೊಠಡಿಯಲ್ಲಿ ಜಾಗವಿಲ್ಲದಿದ್ದರೆ ಬಿಡುವಿರುವ ನಲಿ-ಕಲಿ ಕೊಠಡಿಗೆ, ಜಗಲಿಗೆ, ಸಿಮೆಂಟು ಅಂಗಳಕ್ಕೆ ಕರೆದುಕೊಂಡು ಹೋಗು.

ಅಂಗಳಕ್ಕೆ ಹೋದ ದಿನ ಚುಕ್ಕಿ ರಂಗೋಲಿ ಇಡಿಸು. ಏಳರಿಂದ ಒಂದಕ್ಕೆ ಇಳಿಯುವ ನೇರ ಚುಕ್ಕಿ: 7, ಎರಡೂ ಕಡೆ 5, 3, 1. ಒಂದೊಂದಾಗಿ ಎಣಿಸದೆ ಒಟ್ಟು ಎಷ್ಟು ಎಂದು ಗುಂಪುಗಳು ಹೇಳಲಿ, ಹೇಗೆ ನೋಡಿದಿರಿ ಎಂದೂ ಹೇಳಲಿ. ಸಾಲುಗಳನ್ನು ಕೂಡಿಸಿ 25 ಎನ್ನುವವರಿರುತ್ತಾರೆ. ತಲೆ ಓರೆ ಮಾಡಿ ನೋಡಿದ ಯಾರಿಗಾದರೂ ನಾಲ್ಕು ನಾಲ್ಕರ ಒಂದು ಚೌಕ, ಅದರ ಸಂದಿನಲ್ಲಿ ಮೂರು ಮೂರರ ಇನ್ನೊಂದು ಚೌಕ ಕಾಣುತ್ತದೆ: 16 ಮತ್ತು 9. ಹಾಗಾದರೆ ಒಂಬತ್ತರಿಂದ ಒಂದಕ್ಕೆ ಎಷ್ಟು ಎಂದು ಅವರೇ ಮುಂದುವರಿಸುತ್ತಾರೆ.

ಭಾಷೆಯ ಬಗ್ಗೆ ಬಿಗಿ ಬೇಡ. ಗುಂಪಿನೊಳಗೆ ಉರ್ದು, ಲಂಬಾಣಿ, ತುಳು, ಊರ ಕನ್ನಡ ಯಾವುದರಲ್ಲಾದರೂ ವಾದಿಸಲಿ. ಹಲಗೆಗೆ ಬರುವಾಗ ಪಾಠದ ಭಾಷೆಗೆ ತಂದರೆ ಸಾಕು. ಇಂಗ್ಲಿಷ್ ಮಾಧ್ಯಮದ ವಿಭಾಗವಾಗಿದ್ದರೆ ಇದು ಇನ್ನೂ ಮುಖ್ಯ. ಯೋಚನೆ ಇನ್ನೂ ಕುಡಿಯೊಡೆಯುತ್ತಿರುವಾಗ ವ್ಯಾಕರಣ ತಿದ್ದಲು ಹೋದರೆ ಎರಡೂ ಕೈತಪ್ಪುತ್ತವೆ.

“ಪಾಠ ಮುಗಿಯುವುದಿಲ್ಲ” ಎಂಬ ಮಾತನ್ನು ನೀನು ಸಹೋದ್ಯೋಗಿಗಳಿಂದ ಕೇಳುತ್ತೀ. ಅವರ ಆತಂಕ ಸುಳ್ಳಲ್ಲ. ಘಟಕಗಳು ಹೆಚ್ಚು, ದಿನಗಳು ಕಡಿಮೆ, ನಡುವೆ ಗಣತಿ, ಚುನಾವಣೆಯ ಕೆಲಸ. ವಾರಕ್ಕೆ ಒಂದೇ ಒಂದು ಅವಧಿಯಿಂದ ಶುರು ಮಾಡು. ಆದರೆ ಅದು ಶನಿವಾರದ ಮೋಜಾಗಿ ಪಾಠದಿಂದ ದೂರ ಉಳಿಯದಿರಲಿ. ಭಾಗಾಕಾರದ ನಿಯಮ ಕಲಿಸುವ ವಾರವೇ ಚೀಟಿಯ ಲೆಕ್ಕ ಬರಲಿ, ಬೀಜಗಣಿತ ಆರಂಭಿಸುವ ವಾರವೇ ರಂಗೋಲಿ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಚಟುವಟಿಕೆ ಹೇಗೂ ಬೇಕು. ಅಂಗಡಿಯಿಂದ ಚಿತ್ರ ತಂದು ಅಂಟಿಸಿದ ಚಾರ್ಟಿಗೆ ಅಂಕ ಕೊಡುವ ಬದಲು, ಗುಂಪು ಕಟ್ಟಿದ ನಾಲ್ಕು ಚೀಟಿಗಳಿಗೆ ಕೊಡು.

ಪೋಷಕರು “ಪರೀಕ್ಷೆ ಬರೆಯೋದು ಒಬ್ಬನೇ ಅಲ್ವಾ?” ಎಂದು ಕೇಳಿದರೆ ಸಿಟ್ಟಾಗಬೇಡ. ಹೌದು, ಅದಕ್ಕೇ ಗುಂಪಿನ ಕೆಲಸವಾದ ಮೇಲೆ ಐದು ನಿಮಿಷ ಪ್ರತಿಯೊಬ್ಬರೂ ತಮಗೆ ತಿಳಿದದ್ದನ್ನು ತಮ್ಮ ಪುಸ್ತಕದಲ್ಲಿ ತಾವೇ ಬರೆಯಬೇಕು. ಅದನ್ನು ಅವರಿಗೆ ತೋರಿಸು. ಇನ್ನೂ ಕೇಳಿದರೆ ಗಣಿತಜ್ಞರು ಕೆಲಸ ಮಾಡುವ ರೀತಿ ಹೇಳು. ಪಾಲ್ ಏರ್ದಿಶ್ ಐನೂರಕ್ಕೂ ಹೆಚ್ಚು ಜನರೊಂದಿಗೆ ಸೇರಿ ಪ್ರಬಂಧ ಬರೆದವರು. 2009ರಲ್ಲಿ ಟಿಮೊಥಿ ಗವರ್ಸ್ ಒಂದು ಕಠಿಣ ಪ್ರಮೇಯಕ್ಕೆ ಹೊಸ ಸಾಧನೆ ಹುಡುಕಲು ಬಯಸಿದವರೆಲ್ಲ ಬನ್ನಿ ಎಂದು ಬಹಿರಂಗವಾಗಿ ಕರೆದರು; ಬಂದವರು ಅರೆಬರೆ ಯೋಚನೆಗಳನ್ನೇ ಹಂಚಿಕೊಂಡು ಕೆಲವೇ ವಾರಗಳಲ್ಲಿ ದಾರಿ ಕಂಡುಕೊಂಡರು, ‘ಪಾಲಿಮ್ಯಾತ್’ ಎಂಬ ಒಂದೇ ಹೆಸರಿನಲ್ಲಿ ಪ್ರಕಟಿಸಿದರು.

ನಿನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಮಕ್ಕಳಿಂದ ಬಂದೇ ಬರುತ್ತದೆ. ಮೂರಂಕಿಗೆ 495, ನಾಲ್ಕಂಕಿಗೆ 6174, “ಹಂಗಾದ್ರೆ ಐದಂಕಿಗೆ?” ಎಂದು ಕೇಳದ ವರ್ಗ ಇರಲಾರದು. ಆ ಪ್ರಶ್ನೆಯನ್ನು ಕೇಳಿದ ಮಗುವಿನ ಹೆಸರಿನೊಂದಿಗೆ ಹಲಗೆಯ ಮೂಲೆಯಲ್ಲಿ ಬರೆ, ಅಳಿಸಬಾರದೆಂದು ಸುತ್ತ ಗೆರೆ ಎಳೆ. ಗುಂಪುಗಳು ಲೆಕ್ಕ ಹಾಕುತ್ತಾ ಹೋದಂತೆ ಐದಂಕಿಯಲ್ಲಿ ಯಾವ ಸಂಖ್ಯೆಯೂ ನಿಲ್ಲದೆ ಕೆಲವು ಸಂಖ್ಯೆಗಳು ಸುತ್ತುತ್ತಲೇ ಇರುವುದು ಕಾಣತೊಡಗುತ್ತದೆ. ಅಂಥ ಸುತ್ತುಗಳು ಎಷ್ಟು ಎಂದು ಹುಡುಕಲು ಅವರಿಗೆ ಬೇಕಾದಷ್ಟು ದಿನ ಕೊಡು.